ರಿಜೆಕ್ಷನ್ ರಿಜಿಸ್ಟರಿಗೆ ಇನ್ನೊಂದು ಕಾಲಂ: ಮಷಿನಿಂಗ್ ಘಟಕಕ್ಕೆ ಎಚ್‌ಆರ್‌ನಿಂದ ಲಾಭವಿದೆಯೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಮಷಿನಿಂಗ್ ಘಟಕ. 14 ಸಿಎನ್‌ಸಿ ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ನಿಯಂತ್ರಿತ ಲೇತ್), 6 ವಿಎಂಸಿ (ಅಂಥದೇ ಮಿಲ್ಲಿಂಗ್ ಮಷಿನ್) ಇವೆ. ಒಟ್ಟು 60 ಜನರಲ್ಲಿ 45 ಮಂದಿ ಆಪರೇಟರ್‌ಗಳು. ಆಟೊ ಮತ್ತು ಹೈಡ್ರಾಲಿಕ್ ಬಿಡಿಭಾಗಗಳನ್ನು ಮಾಡಿಕೊಡುತ್ತೇವೆ. ವರ್ಷಕ್ಕೆ ಹೆಚ್ಚುಕಡಿಮೆ 20 ಆಪರೇಟರ್‌ಗಳು ಬಿಟ್ಟುಹೋಗುತ್ತಾರೆ. ಸಲಹೆಗಾರರೊಬ್ಬರು ಎಚ್‌ಆರ್ ಪಾಲಿಸಿ, ಅಪ್ರೈಸಲ್, ಇನ್ಸೆಂಟಿವ್ ಸ್ಕೀಂ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಇದರಿಂದ ನಿಜಕ್ಕೂ ಉತ್ಪಾದನೆ, ಲಾಭ ಹೆಚ್ಚುತ್ತದೆಯೆ ಅಥವಾ ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರವೆ? ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೆಚ್ಚುತ್ತದೆ. ಆದರೆ ನಿಮ್ಮ ಸಲಹೆಗಾರರು ಹೇಳಿದ ಕ್ರಮದಲ್ಲಿ ಹೋದರೆ ದುಡ್ಡು ಮೊದಲು ಹೋಗುತ್ತದೆ, ಫಲ ಬರುವುದು ಅನುಮಾನ. ಪಾಲಿಸಿ ಪುಸ್ತಕದಿಂದ ಒಂದು ಜಾಬ್ (ಮಷಿನಿಗೆ ಹಾಕುವ ಬಿಡಿಭಾಗ) ಕೂಡ ಬೇಗ ಮುಗಿಯುವುದಿಲ್ಲ. ಮಷಿನಿನ ಮುಂದೆ ಯಾರು ನಿಂತಿದ್ದಾರೆ, ಅವರು ಸೇರಿ ಎಷ್ಟು ತಿಂಗಳಾಯಿತು, ಅಳತೆ ಜಾರುತ್ತಿರುವುದು ಕಂಡಾಗ ಬಾಯಿಬಿಟ್ಟು ಹೇಳುತ್ತಾರೋ ಮುಚ್ಚಿಡುತ್ತಾರೋ, ಎಚ್‌ಆರ್ ಎಂಬುದು ನಿಮ್ಮ ಲಾಭಕ್ಕೆ ತಾಕುವುದು ಇಷ್ಟರಲ್ಲೇ. ಈ ಮೂರನ್ನು ಬದಲಿಸದ ಯಾವ ಸ್ಕೀಮೂ ನಿಮಗೆ ಬೇಡ.

ಒಬ್ಬ ಆಪರೇಟರ್ ಬಿಟ್ಟುಹೋದರೆ ಎಷ್ಟು ಬೀಳುತ್ತದೆ ಎಂದು ಮೊದಲು ಲೆಕ್ಕ ಹಾಕೋಣ. ಟರ್ನಿಂಗ್ ಸೆಂಟರಿನ ಮಷಿನ್ ಅವರ್ ರೇಟ್ (ಮಷಿನಿನ ಒಂದು ಗಂಟೆಯ ಬೆಲೆ) 450 ರೂ. ಎಂದಿಟ್ಟುಕೊಳ್ಳಿ. ಹೊಸಬರ ಕೈ ಕುದುರಲು 8 ವಾರ ಬೇಕು, ಅಷ್ಟು ದಿನ ಸರಾಸರಿ ಶೇ 20ರಷ್ಟು ಸಮಯ ಸೋರುತ್ತದೆ ಎಂದಿಟ್ಟುಕೊಳ್ಳಿ. ವಾರಕ್ಕೆ 48 ಗಂಟೆಯಂತೆ 384 ಗಂಟೆ, ಅದರಲ್ಲಿ ಹೋದದ್ದು 77 ಗಂಟೆ, ಅಂದರೆ ಸುಮಾರು 34,500 ರೂ. ಪಾಳಿಗೆ 150 ಪೀಸಿನಂತೆ 48 ದಿನಕ್ಕೆ 7,200 ಪೀಸು. ಹಳಬರಿಗಿಂತ ಶೇ 2 ಹೆಚ್ಚು ರಿಜೆಕ್ಷನ್ ಬಂದರೂ 144 ಪೀಸು, ಮೆಟೀರಿಯಲ್ ಮತ್ತು ಹಿಂದಿನ ಆಪರೇಷನ್ ಸೇರಿ ತಲಾ 120 ರೂ. ಎಂದರೆ 17,000 ರೂ. ದಾಟಿತು. ಸೆಟ್ಟರ್ (ಜಾಬಿಗೆ ತಕ್ಕಂತೆ ಮಷಿನ್ ಹೊಂದಿಸಿಕೊಡುವವರು) ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ವಾರ ಕಲಿಸಿದರೆ 3,600 ರೂ., ಆಳು ಹುಡುಕಿದ ಖರ್ಚು 5,000 ರೂ. ಎಲ್ಲ ಸೇರಿ 60,000 ರೂ.! 20,000 ರೂ. ಸಂಬಳದವರಾದರೆ ಇದು ಅವರ ಮೂರು ತಿಂಗಳ ಸಂಬಳ. ಇಪ್ಪತ್ತು ಜನಕ್ಕೆ 12 ಲಕ್ಷ ರೂ., ಟ್ಯಾಲಿಯಲ್ಲಿ ಎಲ್ಲೂ ಒಂದು ಸಾಲಾಗಿ ಕಾಣದ 12 ಲಕ್ಷ.

ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಒಂದು ಎಚ್ಚರಿಕೆಯೂ ಬೇಕು. ಆರ್ಡರ್ ಇಲ್ಲದೆ ಖಾಲಿ ನಿಲ್ಲುವ ಮಷಿನಿನಲ್ಲಿ ಸೋರಿದ ಗಂಟೆಗೆ ಬೆಲೆಯಿಲ್ಲ. ಆದ್ದರಿಂದ ಲೋಡ್ ತುಂಬಿರುವ ಮಷಿನುಗಳ ಆಪರೇಟರ್‌ಗಳ ಲೆಕ್ಕವನ್ನು ಬೇರೆಯೇ ತೆಗೆಯಿರಿ. ಆಗ ಇಪ್ಪತ್ತರಲ್ಲಿ ಯಾವ ಆರೇಳು ಜನರನ್ನು ಉಳಿಸಿಕೊಳ್ಳಲೇಬೇಕಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಸಂಶೋಧನೆ ಏನು ಹೇಳುತ್ತದೆ? 1995ರಲ್ಲಿ ಮಾರ್ಕ್ ಹ್ಯೂಸ್ಲಿಡ್ ಅಮೆರಿಕದ ಸಾವಿರದ ಹತ್ತಿರ ಕಂಪನಿಗಳನ್ನು ಅಧ್ಯಯನ ಮಾಡಿ, ಒಳ್ಳೆಯ ಎಚ್‌ಆರ್ ಪದ್ಧತಿಯಿರುವಲ್ಲಿ ಕೆಲಸ ಬಿಡುವವರು ಕಡಿಮೆ, ತಲಾ ಮಾರಾಟ ಮತ್ತು ಲಾಭ ಹೆಚ್ಚು ಎಂದು ತೋರಿಸಿದರು. ಸಲಹೆಗಾರರು ಹೆಚ್ಚಾಗಿ ಎತ್ತಿ ಹಿಡಿಯುವುದು ಇಂಥ ಅಧ್ಯಯನವನ್ನೇ. ಆದರೆ ಲಾಭ ಬರುವ ಕಂಪನಿ ಎಚ್‌ಆರ್‌ಗೆ ಖರ್ಚು ಮಾಡುತ್ತದೆಯೋ, ಎಚ್‌ಆರ್‌ನಿಂದ ಲಾಭ ಬಂತೋ ಎಂಬುದು ಅಂಥ ಸಮೀಕ್ಷೆಯಿಂದ ತೀರ್ಮಾನವಾಗುವುದಿಲ್ಲ. ನಿಮಗೆ ಹೆಚ್ಚು ಹತ್ತಿರವಾದದ್ದು 1997ರಲ್ಲಿ ಇಚ್ನಿಯೋವ್ಸ್ಕಿ, ಶಾ ಮತ್ತು ಪ್ರೆನುಷಿ ಪ್ರಕಟಿಸಿದ ಅಧ್ಯಯನ. 17 ಉಕ್ಕು ಕಂಪನಿಗಳಲ್ಲಿ ಒಂದೇ ಬಗೆಯ 36 ಫಿನಿಶಿಂಗ್ ಲೈನ್‌ಗಳನ್ನು ಅವರು ತಿಂಗಳು ತಿಂಗಳೂ ಹೋಲಿಸಿದರು. ಆಯ್ಕೆ, ತರಬೇತಿ, ತಂಡದ ಕೆಲಸ, ಇನ್ಸೆಂಟಿವ್, ಕೆಲಸದ ಭದ್ರತೆ ಎಲ್ಲವೂ ಒಟ್ಟಾಗಿದ್ದ ಲೈನ್‌ಗಳು ಹೆಚ್ಚು ಹೊತ್ತು ನಿಲ್ಲದೆ ಓಡಿದವು. ಒಂದೊಂದನ್ನೇ ಬಿಡಿಯಾಗಿ ತಂದಲ್ಲಿ ಫಲ ಇಲ್ಲವೆನ್ನುವಷ್ಟು ಅಲ್ಪ. ನಮ್ಮ ದೇಶದಲ್ಲೇ ಮುಂಬೈ ಬಳಿಯ ಜವಳಿ ಗಿರಣಿಗಳಲ್ಲಿ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಆರಿಸಿದ ಗಿರಣಿಗಳಿಗೆ ಮಾತ್ರ ಸಲಹೆಗಾರರನ್ನು ಕೊಟ್ಟು 38 ಪದ್ಧತಿಗಳನ್ನು ತರಿಸಿದಾಗ ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17 ಏರಿತು. ಆ 38ರಲ್ಲಿ ಎಚ್‌ಆರ್‌ಗೆ ಸೇರಿದವು ಕೆಲವೇ. ಉಳಿದವು ದೋಷ ದಾಖಲಿಸುವುದು, ಮಷಿನ್ ನಿರ್ವಹಣೆ, ದಾಸ್ತಾನು ಲೆಕ್ಕ. ಶಾಪ್ ಫ್ಲೋರಿನ ಶಿಸ್ತು ಇಲ್ಲದ ಕಡೆ ಬರೀ ಎಚ್‌ಆರ್ ತಂದರೆ ಪ್ರಯೋಜನವಿಲ್ಲ.

ಈಗ ಕ್ರಮಕ್ಕೆ ಬರೋಣ.

ಮೊದಲು ಸಂಬಳ. ಎಷ್ಟು ಎಂಬುದಕ್ಕಿಂತ ಮುಂಚೆ ಸರಿಯಾಗಿ ಆಗುತ್ತಿದೆಯೆ ನೋಡಿ. ಕಾನೂನಿನಂತೆ ಮರುತಿಂಗಳ 7ರೊಳಗೆ ಆಗಬೇಕು, ಓಟಿಗೆ ದುಪ್ಪಟ್ಟು ದರ ಕೊಡಬೇಕು. ಸಿಂಗಲ್ ರೇಟಿನಲ್ಲಿ ಓಟಿ ಕೊಟ್ಟು ಕೈತೊಳೆದುಕೊಳ್ಳುವವರು ಸಣ್ಣ ಘಟಕಗಳಲ್ಲಿ ಬೇಕಾದಷ್ಟಿದ್ದಾರೆ. ಪಕ್ಕದ ರಸ್ತೆಯಲ್ಲಿ ಸರಿಯಾಗಿ ಕೊಡುವವರು ಸಿಕ್ಕಿದ ದಿನ ನಿಮ್ಮ ಆಪರೇಟರ್ ಅಲ್ಲಿರುತ್ತಾರೆ. ಪಂಚ್ ದಾಖಲೆಗೂ ಸಂಬಳದ ಚೀಟಿಗೂ ತಾಳೆಯಾಗದಿದ್ದರೆ ಏನಾಗಬಹುದೆಂಬುದಕ್ಕೆ ಕೋಲಾರದ ನರಸಾಪುರ ದೂರವಿಲ್ಲ. 2020ರ ಡಿಸೆಂಬರ್ 12ರಂದು ಆಪಲ್‌ಗೆ ಐಫೋನ್ ಮಾಡಿಕೊಡುತ್ತಿದ್ದ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂಧಲೆಯಾದ ಮೇಲೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಆಗಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲವೆಂದಿತು ಆಪಲ್. ನಿಮ್ಮಲ್ಲಿ ಗಾಜು ಒಡೆಯುವುದಿಲ್ಲ, ಹೇಳದೆ ಕೇಳದೆ ಜನ ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೆ. ಹಾಗಾಗಿ ತಿಂಗಳ 3ರಂದು ಹಾಜರಿ ಮತ್ತು ಓಟಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. 5ರವರೆಗೆ ತಕರಾರು ತೆಗೆದುಕೊಂಡು, ತಿದ್ದಿ, 7ರೊಳಗೆ ಹಣ ಹಾಕಿ. ಸಂಬಳ ಆದ ಮೇಲೆ ತಿದ್ದುವುದಕ್ಕೂ ಮುಂಚೆಯೇ ತಿದ್ದುವುದಕ್ಕೂ ಬಹಳ ವ್ಯತ್ಯಾಸವಿದೆ.

ಸಂಬಳ ಏರಿಸುವ ಯೋಚನೆಯಿದ್ದರೆ ಅದಕ್ಕೂ ಲೆಕ್ಕವಿದೆ. 45 ಜನಕ್ಕೆ ತಿಂಗಳಿಗೆ 1,000 ರೂ. ಎಂದರೆ ವರ್ಷಕ್ಕೆ 5.4 ಲಕ್ಷ ರೂ., ಪಿಎಫ್, ಇಎಸ್‌ಐ ಪಾಲು ಸೇರಿದರೆ 6 ಲಕ್ಷ ದಾಟುತ್ತದೆ. ಮೇಲಿನ ಲೆಕ್ಕದ ಪ್ರಕಾರ ಇಪ್ಪತ್ತರಲ್ಲಿ ಹತ್ತು ಹನ್ನೊಂದು ಜನ ಉಳಿದರೆ ಮಾತ್ರ ಅಸಲು ಹುಟ್ಟುತ್ತದೆ. ಎಲ್ಲರಿಗೂ ಸಮನಾಗಿ ಹಂಚಿದ ಸಾವಿರಕ್ಕೆ ಆ ಶಕ್ತಿ ಇರುವುದಿಲ್ಲ. ಅದೇ ಹಣವನ್ನು ಕೌಶಲದ ಮೆಟ್ಟಿಲುಗಳಿಗೆ ಕಟ್ಟಿದರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಜೊತೆಗೆ ಇಎಸ್‌ಐ ಮಿತಿ 21,000 ರೂ. ಎಂಬುದು ನೆನಪಿರಲಿ. 20,500 ಇದ್ದವರನ್ನು 21,500ಕ್ಕೆ ಏರಿಸಿದರೆ, ನಡೆಯುತ್ತಿರುವ ಅವಧಿ (ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್) ಮುಗಿದ ಮೇಲೆ ಅವರು ಇಎಸ್‌ಐನಿಂದ ಹೊರಬೀಳುತ್ತಾರೆ. ಮನೆಯಲ್ಲಿ ಹೆರಿಗೆಯೋ ವಯಸ್ಸಾದ ತಂದೆತಾಯಿಯೋ ಇದ್ದರೆ ಸಾವಿರ ರೂಪಾಯಿ ಏರಿಕೆ ಅವರಿಗೆ ಶಿಕ್ಷೆಯಾದೀತು. ಗ್ರೂಪ್ ಮೆಡಿಕ್ಲೇಮ್ ಸಿದ್ಧವಿಟ್ಟುಕೊಂಡೇ ಆ ಗೆರೆ ದಾಟಿಸಿ.

ಎರಡನೆಯದು ಆಯ್ಕೆ. ಸಂದರ್ಶನದಲ್ಲಿ ಮಾತಾಡಿಸಿ ತೆಗೆದುಕೊಳ್ಳುವುದನ್ನು ಬಿಡಿ. 45 ನಿಮಿಷದ ಟ್ರೇಡ್ ಟೆಸ್ಟ್ ಸಾಕು. ನಿಮ್ಮದೇ ಒಂದು ಜಾಬ್ ಮತ್ತು ಅದರ ಡ್ರಾಯಿಂಗ್ ಕೊಟ್ಟು ಐದು ಅಳತೆ ತೆಗೆಯಲು ಹೇಳಿ: ಎರಡು ಹೊರವ್ಯಾಸ, ಒಂದು ಬೋರ್, ಒಂದು ಉದ್ದ, ಒಂದು ಗ್ರೂವ್. ಮೈಕ್ರೊಮೀಟರನ್ನು ಬೇಕೆಂದೇ 0.02 ಮಿ.ಮೀ. ಝೀರೊ ತಪ್ಪಿಸಿಡಿ. ಮೊದಲು ಝೀರೊ ನೋಡುವವರನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಆಮೇಲೆ ಒಂದೇ ಪ್ರಶ್ನೆ: "ಅಳತೆ 25, ಟಾಲರೆನ್ಸ್ (ಅಳತೆ ಆಚೀಚೆಯಾಗಬಹುದಾದ ಮಿತಿ) ±0.02. ಸತತ ಐದು ಪೀಸು 25.004, 25.007, 25.010, 25.013, 25.016 ಬಂದವು. ಏನು ಮಾಡುತ್ತೀರಿ?" ಎಲ್ಲ ಓಕೆ ಇದೆಯಲ್ಲ ಎನ್ನುವವರು ಪಾಳಿ ಮುಗಿಯುವ ಮುಂಚೆ ನಿಮಗೊಂದು ಬಿನ್ ರೀವರ್ಕ್ ಕೊಡುತ್ತಾರೆ. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆಯುತ್ತಿದೆ, ಆಫ್‌ಸೆಟ್ ಕೊಡಬೇಕು (ಸವೆದಷ್ಟನ್ನು ಮಷಿನಿನಲ್ಲಿ ತಿದ್ದಬೇಕು) ಅಥವಾ ಸೆಟ್ಟರ್‌ಗೆ ಹೇಳಬೇಕು ಎಂದವರಿಗೆ ಸರ್ಟಿಫಿಕೇಟ್ ಯಾವುದಿದ್ದರೂ ನಡೆಯುತ್ತದೆ. ಜಿಟಿಟಿಸಿ, ಎನ್‌ಟಿಟಿಎಫ್‌ನಂಥ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಕಲಿತವರು ಸಿಕ್ಕರೆ ಒಳ್ಳೆಯದೇ, ಆದರೆ ಟೂಲ್‌ರೂಂ ಮಟ್ಟದ ಹುಡುಗರನ್ನು ಬಟನ್ ಒತ್ತುವ ಕೆಲಸಕ್ಕೆ ನಿಲ್ಲಿಸಿದರೆ ಆರು ತಿಂಗಳೂ ಇರುವುದಿಲ್ಲ. ಅವರ ಜಾಗ ಸೆಟ್ಟಿಂಗ್ ಮತ್ತು ಪ್ರೋಗ್ರಾಮಿಂಗ್.

ಆಮೇಲಿನ 90 ದಿನಗಳೇ ಎಲ್ಲಕ್ಕಿಂತ ಮುಖ್ಯ. ಬಿಟ್ಟುಹೋದ ಇಪ್ಪತ್ತು ಜನರ ಸೇರಿದ ದಿನ, ಬಿಟ್ಟ ದಿನ ಬರೆದು ನೋಡಿ. ಇಂಥ ಘಟಕಗಳಲ್ಲಿ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗಿರುತ್ತದೆ. ಕಾರಣವೂ ಸರಳ. ಬೆಳಿಗ್ಗೆ ಎಂಟಕ್ಕೆ ಗೇಟಿನೊಳಗೆ ಬಂದವರನ್ನು ಎಂಟೂವರೆಗೆ ಮಷಿನಿನ ಮುಂದೆ ನಿಲ್ಲಿಸಿ, "ಜಾಬ್ ತೆಗಿ, ಜಾಬ್ ಹಾಕು, ಸೈಕಲ್ ಸ್ಟಾರ್ಟ್ ಒತ್ತು" ಎಂದು ಬಿಟ್ಟುಬಿಡುತ್ತೇವೆ. ಮೂರನೇ ವಾರ ನೈಟ್ ಶಿಫ್ಟಿನಲ್ಲಿ ರಿಜೆಕ್ಷನ್ ಬರುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾರೆ, ತಿಂಗಳು ತುಂಬಿದ ಕೂಡಲೇ ಆಸಾಮಿ ನಾಪತ್ತೆ.

ಬದಲಿಗೆ ಮೊದಲ ಎರಡು ದಿನ ಮಷಿನ್ ಬೇಡ. ಇನ್‌ಸ್ಪೆಕ್ಷನ್ ಟೇಬಲಿನ ಮುಂದೆ ಕೂರಿಸಿ, ಅಳತೆ ಗೊತ್ತಿರುವ ಹತ್ತು ಪೀಸು ಕೊಟ್ಟು, ಅವರ ಅಂಕಿಗೂ ನಿಮ್ಮ ಅಂಕಿಗೂ 0.01 ಮಿ.ಮೀ. ಒಳಗೆ ತಾಳೆಯಾಗುವ ತನಕ ಅಳೆಸಿ. ನಂತರ ಒಂದೇ ಮಷಿನ್, ಒಂದೇ ಜಾಬ್, ಒಬ್ಬರೇ ಗುರು. ಕಲಿಸುವುದಕ್ಕೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ, ಮುಂದೆ ಜಪಾನಿನಲ್ಲಿ ಬೇರೂರಿದ ಟಿಡಬ್ಲ್ಯೂಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಕ್ರಮ ಇಂದಿಗೂ ಸಾಕು: ಅವರಿಗೆ ಏನು ಗೊತ್ತಿದೆ ಕೇಳಿ, ಒಂದೊಂದು ಹಂತವನ್ನೂ ಮಾಡಿ ತೋರಿಸಿ ಏಕೆಂದು ಹೇಳಿ, ಅವರಿಂದ ಮಾಡಿಸಿ ಬಾಯಲ್ಲೇ ವಿವರಿಸಲು ಹೇಳಿ, ಆಮೇಲೆ ಬಿಟ್ಟು ಆಗಾಗ ಬಂದು ನೋಡಿ. ನಮ್ಮಲ್ಲಿ ತಪ್ಪುವುದು ಮೂರನೇ ಹಂತ. "ಗೊತ್ತಾಯ್ತಾ?" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಚಕ್ ಪ್ರೆಷರ್, ಅಂದರೆ ಜಾಬನ್ನು ಹಿಡಿಯುವ ಒತ್ತಡ, ಏಕೆ ಕಡಿಮೆ ಇಡಬೇಕೆಂದು ಅವರ ಬಾಯಿಂದಲೇ ಬಂದರೆ (ತೆಳು ಗೋಡೆಯ ಬುಶ್ ಮೊಟ್ಟೆಯಾಕಾರವಾಗುತ್ತದೆ ಎಂದು) ಕಲಿತರು ಎಂದರ್ಥ. ಮೊದಲ ತಿಂಗಳು ನೈಟ್ ಶಿಫ್ಟ್ ಹಾಕಬೇಡಿ. ಇದೊಂದೇ ನಿಯಮಕ್ಕೆ ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್ ತಕರಾರು ತೆಗೆಯುತ್ತಾರೆ, ಆದರೂ ಬಿಟ್ಟುಕೊಡಬೇಡಿ. ವರ್ಕ್ ಇನ್‌ಸ್ಟ್ರಕ್ಷನ್ ಇಂಗ್ಲಿಷಿನಲ್ಲಿ ಲ್ಯಾಮಿನೇಟ್ ಮಾಡಿ ತೂಗುಹಾಕಿದ್ದರೆ ಅದು ಆಡಿಟರ್‌ಗೆ ಮಾತ್ರ. ನಿಮ್ಮಲ್ಲಿ ರಾಯಚೂರು, ವಿಜಯಪುರದವರೂ ಇರುತ್ತಾರೆ, ಒಡಿಶಾ, ಬಿಹಾರದವರೂ ಇರುತ್ತಾರೆ. ಫೋಟೊ ಹಾಕಿ, ಕೆಳಗೆ ಕನ್ನಡ ಮತ್ತು ಹಿಂದಿಯಲ್ಲಿ ಎರಡೆರಡು ಸಾಲು ಬರೆಯಿರಿ.

ಸ್ಕಿಲ್ ಮ್ಯಾಟ್ರಿಕ್ಸ್, ಅಂದರೆ ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂಬ ಪಟ್ಟಿಯ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಆಟೊ ಬಿಡಿಭಾಗಗಳ ಗುಣಮಟ್ಟದ ಐಎಟಿಎಫ್ 16949 ಪ್ರಮಾಣಪತ್ರ ಇದ್ದರಂತೂ ಗೋಡೆಯ ಮೇಲೆ ಒಂದು ಇದ್ದೇ ಇರುತ್ತದೆ, ಆಡಿಟಿನ ಹಿಂದಿನ ದಿನ ತುಂಬಿದ್ದು. ಅದನ್ನು ನಿಜ ಮಾಡುವುದು ಹೀಗೆ. ಎಡಕ್ಕೆ ಹೆಸರು, ಮೇಲಕ್ಕೆ ಆಪರೇಷನ್. ನಾಲ್ಕು ಹಂತ: ಕಲಿಯುತ್ತಿದ್ದಾರೆ, ಮೇಲ್ವಿಚಾರಣೆಯಲ್ಲಿ ಮಾಡುತ್ತಾರೆ, ಸ್ವತಂತ್ರವಾಗಿ ಮಾಡುತ್ತಾರೆ, ಇನ್ನೊಬ್ಬರಿಗೆ ಕಲಿಸುತ್ತಾರೆ. ಹಂತ ಏರಲು ಸೂಪರ್‌ವೈಸರ್ ಸಹಿ ಸಾಲದು. ಮೂರನೇ ಹಂತಕ್ಕೆ ಇನ್ಸರ್ಟ್ ಬದಲಿಸಿ ಆಫ್‌ಸೆಟ್ ಕೊಟ್ಟು ಮೊದಲ ಪೀಸನ್ನೇ ಓಕೆ ಮಾಡಿ ತೋರಿಸಬೇಕು, ನಾಲ್ಕನೇ ಹಂತಕ್ಕೆ ಅವರು ಕಲಿಸಿದವರೊಬ್ಬರು ಮೂರನೇ ಹಂತಕ್ಕೆ ಬಂದಿರಬೇಕು. ಮೂರು ಮತ್ತು ನಾಲ್ಕನೇ ಹಂತಕ್ಕೆ ತಿಂಗಳ ಸಂಬಳದಲ್ಲಿ ನಿರ್ದಿಷ್ಟ ಮೊತ್ತ ಕಟ್ಟಿ, ಎಷ್ಟೆಂದು ಬೋರ್ಡಿನಲ್ಲೇ ಬರೆಯಿರಿ. ಮೇಲೆ ಹೇಳಿದ ಸಾವಿರ ರೂಪಾಯಿ ಹೋಗಬೇಕಾದದ್ದು ಇಲ್ಲಿಗೆ. ಪ್ರತಿ ಮುಖ್ಯ ಆಪರೇಷನ್ನಿಗೂ ಮೂರನೇ ಹಂತದವರು ಕನಿಷ್ಠ ಮೂವರು ಆಗುವ ತನಕ ನಿಮ್ಮ ಡೆಲಿವರಿ ಯಾರೋ ಒಬ್ಬರ ಜ್ವರದ ಮೇಲೆ ನಿಂತಿರುತ್ತದೆ.

ಇದನ್ನೆಲ್ಲ ಒಂದೇ ಏಟಿಗೆ ಹಾಳುಮಾಡುವ ಪದ್ಧತಿಯೊಂದಿದೆ. ಕಾಯಂ ಆಗಬಾರದೆಂದು ಕಾಂಟ್ರಾಕ್ಟ್ ಹುಡುಗರನ್ನು ಆರೇಳು ತಿಂಗಳಿಗೆ ಬ್ರೇಕ್ ಕೊಟ್ಟು ಬದಲಿಸುವುದು. 8 ವಾರ ಕಲಿಸಿ, ನಾಲ್ಕು ತಿಂಗಳು ಕೆಲಸ ತೆಗೆದು, ಕೈ ಪಳಗಿದಾಗ ಕಳಿಸುವ ಲೆಕ್ಕ ಲೋಡಿಂಗ್, ಪ್ಯಾಕಿಂಗ್‌ಗೆ ಸರಿಹೋದೀತು, 20 ಮೈಕ್ರಾನ್ ಬೋರಿಂಗ್‌ಗೆ ಅಲ್ಲ. ಹೊಸಬರನ್ನು ಬೆಳೆಸಲು ಅಪ್ರೆಂಟಿಸ್ ದಾರಿ ಇದೆ. 30 ಜನಕ್ಕಿಂತ ಹೆಚ್ಚಿರುವುದರಿಂದ ನೀವು ಶೇ 2.5ರಿಂದ 15ರಷ್ಟು, ಅಂದರೆ 60 ಜನಕ್ಕೆ 2ರಿಂದ 9 ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ ಎನ್‌ಎಪಿಎಸ್ ಅಡಿ ಸ್ಟೈಪೆಂಡಿನ ಶೇ 25, ತಿಂಗಳಿಗೆ ಗರಿಷ್ಠ 1,500 ರೂ. ಸರ್ಕಾರ ಭರಿಸುತ್ತದೆ. ಅಗ್ಗದ ಆಪರೇಟರ್ ಎಂದು ಬಳಸಿದರೆ ಸ್ಟೈಪೆಂಡ್ ಮುಗಿದ ದಿನವೇ ಹೋಗುತ್ತಾರೆ. ಮುಗಿದ ಮೇಲೆ ಯಾವ ಹಂತ, ಎಷ್ಟು ಸಂಬಳ ಎಂದು ಮೊದಲೇ ಬರೆದುಕೊಟ್ಟರೆ ಉಳಿಯುವ ಸಾಧ್ಯತೆಯಿದೆ.

ರಜೆ ಸಣ್ಣ ವಿಷಯವೆನಿಸುತ್ತದೆ, ಆದರೆ ನವೆಂಬರಿನಲ್ಲಿ ನಿಮ್ಮ ಮಷಿನುಗಳು ನಿಲ್ಲುವುದು ಇದರಿಂದಲೇ. ದೀಪಾವಳಿ, ಛಠ್, ಹೋಳಿ, ಊರ ಜಾತ್ರೆ ಬಂದಾಗ ಜನ ಹೋಗಿಯೇ ಹೋಗುತ್ತಾರೆ. ರಜೆ ಸಿಗುವುದಿಲ್ಲವೆಂದು ಗೊತ್ತಿದ್ದರೆ ಹೇಳದೆ ಹೋಗುತ್ತಾರೆ, ಹೇಳದೆ ಹೋದವರು ಮುಖ ತೋರಿಸಲಾಗದೆ ಬೇರೆ ಕಡೆ ಸೇರುತ್ತಾರೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಆದ್ದರಿಂದ ಹಬ್ಬಕ್ಕೆ 75 ದಿನ ಮುಂಚೆ ರಜೆ ಪಟ್ಟಿ ಬರೆಸಿ, 65 ದಿನ ಮುಂಚೆ ಮಂಜೂರು ಮಾಡಿ. ಹೋಗುವ ಟಿಕೆಟ್ ಜೊತೆ ಬರುವ ಟಿಕೆಟ್ಟನ್ನೂ ಆಫೀಸಿನಿಂದಲೇ ಮಾಡಿಸಿಕೊಟ್ಟರೆ ವಾಪಸು ಬರುವ ಸಂಖ್ಯೆ ತಾನಾಗಿ ಏರುತ್ತದೆ.

ಹನ್ನೆರಡು ಗಂಟೆಯ ಎರಡು ಪಾಳಿ ಓಡಿಸುತ್ತಿದ್ದರೆ ಒಂದು ತಿಂಗಳು ರಿಜೆಕ್ಷನ್ನನ್ನು ಗಂಟೆವಾರು ಬರೆಸಿ. ಕೊನೆಯ ಮೂರು ಗಂಟೆಗಳಲ್ಲಿ ಎಷ್ಟು ಎಂದು ನೋಡಿ, ಆ ಗಂಟೆಗಳಿಗೆ ಕೊಡುವ ದುಪ್ಪಟ್ಟು ಕೂಲಿಯ ಪಕ್ಕದಲ್ಲಿಡಿ. ಮುಂದಿನದನ್ನು ಆ ಹಾಳೆಯೇ ನಿರ್ಧರಿಸುತ್ತದೆ.

ಇನ್ಸೆಂಟಿವ್ ಸ್ಕೀಮನ್ನು ಸಲಹೆಗಾರರು ಆರಂಭದಲ್ಲೇ ಸೇರಿಸಿದ್ದಾರೆ, ಅದು ಬರಬೇಕಾದದ್ದು ಕೊನೆಗೆ. ಪೀಸ್ ಲೆಕ್ಕದಲ್ಲಿ ದುಡ್ಡು ಎಂದ ಮರುದಿನವೇ ಫೀಡ್ ಓವರ್‌ರೈಡ್ (ಟೂಲ್ ಮುಂದೆ ಸಾಗುವ ವೇಗ) ಶೇ 120ಕ್ಕೆ ಹೋಗುತ್ತದೆ, ಐದಕ್ಕೊಂದು ಅಳೆಯಬೇಕಾದವರು ಇಪ್ಪತ್ತಕ್ಕೊಂದು ಅಳೆಯುತ್ತಾರೆ, ಇನ್ಸರ್ಟ್ ಮುರಿಯುವ ತನಕ ಓಡಿಸುತ್ತಾರೆ. ಮುಂದಿನ ಪಾಳಿಯವರಿಗೆ ಸವೆದ ಟೂಲ್ ಬಿಟ್ಟುಹೋಗುವುದು ಪದ್ಧತಿಯಾಗುತ್ತದೆ. ಮಾಡುವುದಾದರೆ ಸೆಲ್‌ವಾರು, ಅಂದರೆ ಮಷಿನುಗಳ ಒಂದೊಂದು ಗುಂಪಿಗೆ ಮಾಡಿ. ಎರಡೂ ಪಾಳಿ, ಸೆಟ್ಟರ್, ಇನ್‌ಸ್ಪೆಕ್ಟರ್ ಸೇರಿ ಒಂದೇ ತಂಡ. ಫೈನಲ್ ಇನ್‌ಸ್ಪೆಕ್ಷನ್ ದಾಟಿದ ಪೀಸಷ್ಟೇ ಲೆಕ್ಕಕ್ಕೆ. ಗ್ರಾಹಕರಿಂದ ವಾಪಸು ಬಂದರೆ ಆ ತಿಂಗಳ ನಿಧಿಯಿಂದ ಕಳೆಯಿರಿ. ಮೆಟೀರಿಯಲ್ ಬಾರದೆ ನಿಂತ ಗಂಟೆಯನ್ನು ಅವರ ಲೆಕ್ಕಕ್ಕೆ ಹಾಕಬೇಡಿ. ಮೊತ್ತ ಸಂಬಳದ ಶೇ 5ರಿಂದ 10 ಇರಲಿ. ಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ, ಹೆಚ್ಚಾದರೆ ಅಂಕಿಗಳ ಆಟ ಶುರುವಾಗುತ್ತದೆ. ಇನ್ನೊಂದು, ಜನ ಚೆನ್ನಾಗಿ ಗಳಿಸತೊಡಗಿದರೆಂದು ಟಾರ್ಗೆಟ್ ಏರಿಸಿದಿರೋ ಮುಂದೆ ಯಾರೂ ಕೈಲಾದಷ್ಟನ್ನು ತೋರಿಸುವುದಿಲ್ಲ. ಪ್ರೋಗ್ರಾಂ ಅಥವಾ ಫಿಕ್ಸ್ಚರ್ (ಜಾಬ್ ಹಿಡಿದಿಡುವ ಸಾಧನ) ಬದಲಾದಾಗ ಮಾತ್ರ ಟಾರ್ಗೆಟ್ ಬದಲಿಸಬೇಕು, ಹಾಗೆಂದು ಮೊದಲೇ ಬರೆದಿರಬೇಕು.

ರಿಜೆಕ್ಷನ್ನಿಗೆ ಸಂಬಳ ಕಡಿಯುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ದಂಡಕ್ಕೆ ಕಾನೂನಿನ ಮಿತಿ ಸಂಬಳದ ಶೇ 3 ಎಂಬುದು ಒಂದು ಮಾತು. ದೊಡ್ಡ ನಷ್ಟ ಬೇರೆ: ಕೆಟ್ಟ ಪೀಸು ಚಿಪ್ಸ್ ಬಿನ್ನಿನ ಅಡಿಗೆ ಹೋಗುತ್ತದೆ, ಇಲ್ಲವೇ ಒಳ್ಳೆಯ ಪೀಸುಗಳ ನಡುವೆ ಸೇರಿ ಗ್ರಾಹಕರ ಅಸೆಂಬ್ಲಿ ಲೈನಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಕಾರ್ಖಾನೆಯನ್ನು ಟೊಯೊಟಾ ಜೊತೆ ಸೇರಿ 1984ರಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರು ಬಹುಪಾಲು ಹಳೆಯ ಕಾರ್ಮಿಕರೇ, ಯೂನಿಯನ್ ಕೂಡ ಅದೇ. ಗೈರುಹಾಜರಿಗೆ ಹೆಸರಾಗಿದ್ದ ಅದೇ ಜನರಿಂದ ಜನರಲ್ ಮೋಟರ್ಸ್‌ನ ಅತ್ಯುತ್ತಮ ಗುಣಮಟ್ಟದ ಕಾರುಗಳು ಬಂದವು. ದೋಷ ಕಂಡವರು ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು, ನಿಲ್ಲಿಸಿದವರನ್ನು ಬೈಯುವಂತಿರಲಿಲ್ಲ. ನಿಮ್ಮಲ್ಲಿ ಹಗ್ಗ ಬೇಡ. "ಸಾರ್, ಅಳತೆ ಜಾರ್ತಿದೆ" ಎಂದು ಬಂದವರಿಗೆ ಸೂಪರ್‌ವೈಸರ್ ಮೊದಲು ಏನು ಹೇಳುತ್ತಾರೆ ಎಂಬುದನ್ನು ಬದಲಿಸಿದರೆ ಆಯಿತು. ಸೂಪರ್‌ವೈಸರ್ ಆಯ್ಕೆಯಲ್ಲೇ ನಾವು ಎಡವುತ್ತೇವೆ. ಅತ್ಯುತ್ತಮ ಸೆಟ್ಟರ್‌ಗೆ ಬಡ್ತಿ ಕೊಟ್ಟು, ಒಳ್ಳೆಯ ಸೆಟ್ಟರನ್ನು ಕಳೆದುಕೊಂಡು ಸಿಡುಕಿನ ಸೂಪರ್‌ವೈಸರನ್ನು ಪಡೆಯುತ್ತೇವೆ. ಸೆಟ್ಟರ್ ಆಗಿಯೇ ಅಷ್ಟೇ ಸಂಬಳ ತಲುಪುವ ದಾರಿ ಇಟ್ಟು, ನಾಲ್ಕನೇ ಹಂತ ಮುಟ್ಟಿ ಇಬ್ಬರು ಮೂವರಿಗೆ ಕಲಿಸಿದವರಲ್ಲಿ ಸೂಪರ್‌ವೈಸರನ್ನು ಹುಡುಕಿ.

ಅಳೆಯುವುದು ಹೇಗೆ? ರಿಜೆಕ್ಷನ್ ರಿಜಿಸ್ಟರಿನಲ್ಲಿ "ಆಪರೇಟರ್ ಸೇರಿ ಎಷ್ಟು ತಿಂಗಳು" ಎಂಬ ಒಂದು ಕಾಲಂ ಸೇರಿಸಿ. ಮೂರು ತಿಂಗಳೊಳಗೆ, ಮೂರರಿಂದ ಹನ್ನೆರಡು, ವರ್ಷ ದಾಟಿದವರು ಎಂದು ಮೂರು ಗುಂಪು. ಪಾಳಿಯನ್ನು ಗಮನಿಸಿ ಹೋಲಿಸಿ, ಹೊಸಬರೆಲ್ಲ ರಾತ್ರಿಯಲ್ಲೇ ಇದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹೊಸಬರ ಮತ್ತು ಹಳಬರ ರಿಜೆಕ್ಷನ್ ಹೆಚ್ಚುಕಡಿಮೆ ಒಂದೇ ಬಂದರೆ ನಿಮ್ಮ ತೊಂದರೆ ಜನರದ್ದಲ್ಲ. ಸ್ಪಿಂಡಲ್, ಫಿಕ್ಸ್ಚರ್, ಬಾರ್ ಮೆಟೀರಿಯಲ್ ಕಡೆ ನೋಡಿ, ಎಚ್‌ಆರ್‌ಗೆ ಇಟ್ಟ ಹಣ ಅಲ್ಲಿಗೆ ಹಾಕಿ. ಮೂರುಪಟ್ಟು ವ್ಯತ್ಯಾಸವಿದ್ದರೆ ಮೇಲೆ ಹೇಳಿದ್ದೆಲ್ಲ ನಿಮಗಾಗಿಯೇ. ಇದರ ಜೊತೆ 90 ದಿನದೊಳಗೆ ಬಿಟ್ಟವರು, ಹೇಳದೆ ಗೈರಾದ ದಿನಗಳು, ಓಟಿ ಗಂಟೆ, ಒಂದೇ ಜಾಬಿಗೆ ಬೇರೆ ಬೇರೆ ಸೆಟ್ಟರ್‌ಗಳ ಸೆಟ್ಟಿಂಗ್ ಸಮಯ, ಇಷ್ಟು ಸಾಕು. ಒಟ್ಟು ಫಲಕ್ಕೆ ತಲಾ ಮಾರಾಟ ನೋಡಬೇಡಿ. ಒಂದು ತಿಂಗಳು ಗ್ರಾಹಕರ ಮೆಟೀರಿಯಲ್ಲಿನಲ್ಲಿ ಜಾಬ್ ವರ್ಕ್, ಇನ್ನೊಂದು ತಿಂಗಳು ನಿಮ್ಮದೇ ಮೆಟೀರಿಯಲ್ ಇದ್ದರೆ ಆ ಅಂಕಿ ದಿಕ್ಕು ತಪ್ಪಿಸುತ್ತದೆ. ಮಾರಾಟದಿಂದ ಮೆಟೀರಿಯಲ್ ಮತ್ತು ಹೊರಗಿನ ಜಾಬ್ ವರ್ಕ್ ಕಳೆದು ಜನರ ಸಂಖ್ಯೆಯಿಂದ ಭಾಗಿಸಿ. ಬಿಟ್ಟುಹೋಗುವವರ ಸಂಖ್ಯೆ ಮೂರು ನಾಲ್ಕು ತಿಂಗಳಲ್ಲಿ ಇಳಿಯಬೇಕು, ರಿಜೆಕ್ಷನ್ ಆರು ತಿಂಗಳಲ್ಲಿ. ಲಾಭದಲ್ಲಿ ಕಾಣಲು ಒಂದು ವರ್ಷ ಬೇಕು.

ಸಲಹೆಗಾರರನ್ನು ಬೇಡವೆನ್ನಬೇಡಿ. ಮೊದಲ ಮೂರು ತಿಂಗಳಿಗೆ ಎರಡೇ ಕೆಲಸ ವಹಿಸಿ: ಹಾಜರಿ–ಓಟಿ–ಸಂಬಳದ ತಾಳೆ, ಮತ್ತು ಲೋಡ್ ತುಂಬಿರುವ ಆರು ಮಷಿನುಗಳಿಗೆ ನಿಜವಾದ ಸ್ಕಿಲ್ ಮ್ಯಾಟ್ರಿಕ್ಸ್. ಅವರು ಶಾಪ್ ಫ್ಲೋರಿಗೆ ಇಳಿಯದೆ ಆಫೀಸಿನಲ್ಲೇ ಕೂತು ಫಾರ್ಮ್ಯಾಟ್ ಕಳಿಸತೊಡಗಿದರೆ ಅಪ್ರೈಸಲ್, ಇನ್ಸೆಂಟಿವ್ ಕೆಲಸಗಳನ್ನು ಅವರಿಗೆ ಕೊಡಬೇಡಿ.